ಅವ್ವನನ್ನು ಬಿಟ್ಟು ಎಲ್ಲರನ್ನೂ ಕೇಳಿದೆವು

ಹೋದ ಚಳಿಗಾಲದಲ್ಲಿ ಗದಗಿನ ಮನೆಯ ಬಚ್ಚಲಲ್ಲಿ ಅವ್ವ ಜಾರಿ ಬಿದ್ದಳು. ವಯಸ್ಸು 81, ಜೊತೆಗೆ ಸಕ್ಕರೆ ಕಾಯಿಲೆ. ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿದಿತ್ತು. ನಾನು ಇಂಗ್ಲೆಂಡಿನ ಲೀಡ್ಸ್‌ನಿಂದ ಹೊರಟು ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೂರನೇ ದಿನ. ಆಪರೇಷನ್ ಇನ್ನೂ ಆಗಿರಲಿಲ್ಲ. ಡಾಕ್ಟರು ತಯಾರಿದ್ದರು, ನಾವು ತಯಾರಿರಲಿಲ್ಲ.

ವರಾಂಡದಲ್ಲಿ ಒಂಬತ್ತು ಮಂದಿ. "ಈ ವಯಸ್ಸಿನ್ಯಾಗ ಕೊಯ್ಸೋದು ಬ್ಯಾಡ ತಮ್ಮಾ. ಇದ್ದಷ್ಟು ದಿನ ಮನ್ಯಾಗ ಆರಾಮ ಮಲಗಲಿ" ಅಂದರು ಕಾಕಾ. ಎಲುಬು ಕಟ್ಟುವವರ ಹೆಸರೂ ಒಂದೆರಡು ಬಂದವು. ಪ್ರೀತಿಯಿಂದಲೇ ಆಡಿದ ಮಾತು, ಅನುಮಾನವಿಲ್ಲ. ಆದರೆ ಈ ಮುರಿತದಲ್ಲಿ ಆರಾಮ ಮಲಗುವುದು ಎಲ್ಲಿ ಬಂತು? ಮಗ್ಗಲು ಬದಲಿಸಿದರೂ ನೋವು. ವಾರಗಟ್ಟಲೆ ಮಲಗಿದರೆ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಆಪರೇಷನ್ನಿನ ಅಪಾಯವನ್ನು ನಾವು ಬೆರಳು ಮಡಿಚಿ ಎಣಿಸುತ್ತೇವೆ. ಹಾಸಿಗೆಯ ಅಪಾಯವನ್ನು ದೇವರ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಇಂಗ್ಲೆಂಡಿನಲ್ಲಿ ದಾಖಲಾದ ದಿನ, ಇಲ್ಲವೇ ಮರುದಿನ ಆಪರೇಷನ್ ಆಗಬೇಕು, ಅದರ ಮಾರನೇ ದಿನ ಎಬ್ಬಿಸಿ ನಿಲ್ಲಿಸಬೇಕು ಅಂತ, ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಅಲ್ಲಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿಯೇ ಇದೆ. ಹಾಗಂತ ಅಪಾಯ ಮುಚ್ಚಿಡುವುದಿಲ್ಲ. ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ 88ರ ಅಜ್ಜಿ ಹೀಗೇ ಬಿದ್ದಾಗ ಜೊತೆಗೆ ಹೋದವನು ನಾನೇ. ಇಂಥ ಮುರಿತವಾದ ವಯಸ್ಸಾದವರಲ್ಲಿ, ಆಪರೇಷನ್ ಆದರೂ, ಸುಮಾರು ನಾಲ್ವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಡಾಕ್ಟರು ಮಂಚದ ಬದಿ ಕುರ್ಚಿ ಎಳೆದು ಕೂತು ಅದನ್ನು ಆಕೆಗೇ ಹೇಳಿದರು. ನನಗೆ ಮೈ ಜುಂ ಅಂತು. ಅಜ್ಜಿ ಮಾತ್ರ ತನ್ನ ಬೆಕ್ಕಿಗೆ ಯಾರು ಊಟ ಹಾಕುತ್ತಾರೆ ಅಂತ ಕೇಳಿ ಸಹಿ ಹಾಕಿದಳು.

ಹುಬ್ಬಳ್ಳಿಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಪೇಷಂಟ್ ಮುಂದ ಬ್ಯಾಡ್ರಿ." ಒಪ್ಪಿಗೆಯ ಫಾರ್ಮು ನನ್ನ ಕೈಗೆ. ಅವ್ವನ ಬುದ್ಧಿಗೇನೂ ಆಗಿರಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಿದ್ದಾರೆ ಅಂತ ಅವತ್ತು ಬೆಳಿಗ್ಗೆಯಷ್ಟೇ ಕಪ್ಪು ವಾಪಸ್ ಕಳಿಸಿದ್ದಳು. ಕಾನೂನೇನೂ ಇಲ್ಲಿ ಬೇರೆಯಿಲ್ಲ. ಅನಸ್ತೇಶಿಯಾದಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ನಡೆಯುವುದಿಲ್ಲ, ತುರ್ತಿಲ್ಲದಾಗ ಮಗಳಿಗೆ ಎಚ್ಚರಾದ ಮೇಲೆ ಅವಳನ್ನೇ ಕೇಳಬೇಕಿತ್ತು ಅಂತ ನಮ್ಮ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ರೂಢಿ ಮಾತ್ರ ನಮ್ಮದೇ.

ಒಳಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ, ಸಾಯಬಹುದು ಅಂತಲೂ. ಹೇಳುವಾಗ ನನ್ನ ನಾಲಿಗೆ ಒಣಗಿತ್ತು. ಅವಳು ಕೇಳಿದ್ದು ಒಂದೇ. "ಸಂಡಾಸಕ್ಕ ನನ್ನ ಕಾಲಮ್ಯಾಲ ನಾ ಹೋಗತೀನೋ ಇಲ್ಲೋ, ಅದನ್ನ ಕೇಳ್ಕೊಂಡ್ ಬಾ."

ಒಂಬತ್ತು ಮಂದಿಗೂ, ನನಗೂ, ಈ ಪ್ರಶ್ನೆ ಹೊಳೆದಿರಲಿಲ್ಲ. ಕೇಳಿಕೊಂಡು ಬಂದೆ. ವಾಕರ್ ಹಿಡಿದು ಹೋಗಬಹುದು, ಖಾತ್ರಿ ಕೊಡಲಾಗದು ಅಂದರು. "ಹಂಗಾರ ಮಾಡ್ಸು" ಅಂದಳು. ಈಗ ಹೋಗುತ್ತಾಳೆ, ನಿಧಾನಕ್ಕೆ.

ಆದರೆ ಆಪರೇಷನ್ ಆದ ಮೇಲೆ ಎರಡು ರಾತ್ರಿ ಅವ್ವನಿಗೆ ಬುದ್ಧಿ ಭ್ರಮಿಸಿತ್ತು. ವಯಸ್ಸಾದವರಲ್ಲಿ ಇದು ಜಾಸ್ತಿ. ಲೀಡ್ಸ್ ಅಜ್ಜಿಗೂ ಆಗಿತ್ತು, ಆದರೆ ಭೇಟಿ ಸಮಯ ಮುಗಿದ ಮೇಲೆ ಅಲ್ಲಿ ಮನೆಯವರು ಯಾರೂ ಇರಲಿಲ್ಲ. ಅವ್ವ ಹನ್ನೆರಡು ವರ್ಷದ ಹಿಂದೆ ತೀರಿಕೊಂಡ ಅಪ್ಪನನ್ನು ಕರೆಯುತ್ತಿದ್ದಳು. ಆಪರೇಷನ್ ಬ್ಯಾಡ ಅಂದಿದ್ದ ಕಾಕಾನೇ ಬೆಳತನಕ ಅವಳ ಕೈ ಹಿಡಿದು ಕೂತಿದ್ದರು.

"ಅಣ್ಣ ಹೊಲಕ್ಕ ಹೋಗ್ಯಾನ, ಬರ್ತಾನ. ಮಕ್ಕೋರಿ ವೈನಿ."