ಇಂಜಿನ್ನಿನ ಹಿಂದೆ ಏನು ಬರುತ್ತಿತ್ತು?

ಅಮೆರಿಕದಲ್ಲಿ ಮಾಡೆಲ್ ರೈಲು ಕಟ್ಟುವವರ ಒಂದು ಪಂಗಡಕ್ಕೆ ಇಂಜಿನ್ ಎಂದರೆ ಅಷ್ಟಕ್ಕಷ್ಟೇ. ಅವರ ಜೀವವೆಲ್ಲ ಗೂಡ್ಸ್ ಡಬ್ಬಿಯಲ್ಲಿ. 1948ರಲ್ಲಿ ಪಿಟ್ಸ್‌ಬರ್ಗಿನ ಯಾರ್ಡಿನಲ್ಲಿ ಯಾವ ಕಂಪನಿಯ ಯಾವ ಸರಣಿಯ ಡಬ್ಬಿ ನಿಂತಿರಬಹುದು, ಅದರ ಬ್ರೇಕ್ ಯಾವುದು, ಪಕ್ಕದಲ್ಲಿ ಬರೆದ ತೂಕ ಎಷ್ಟು ಎಂದು ತಿಂಗಳುಗಟ್ಟಲೆ ಕೆದಕುತ್ತಾರೆ. ನಮ್ಮ ಕಡೆಯ ರೈಲುಪ್ರಿಯರದು ಇದಕ್ಕೆ ತೀರಾ ಉಲ್ಟಾ. ಯಾವ ಇಂಜಿನ್ ಯಾವ ಶೆಡ್ಡಿನದು ಎನ್ನುವುದು ಬಾಯಿಪಾಠ. ಅದರ ಹಿಂದೆ ಬಂದ ಐವತ್ತು ವ್ಯಾಗನ್ನಿಗೆ ಮಾತ್ರ ‘ಗೂಡ್ಸ್ ಗಾಡಿ’ ಎಂಬ ಒಂದೇ ಹೆಸರು.

ಪೆನ್ಸಿಲ್ವೇನಿಯಾದಲ್ಲಿ ಕೂತು ಎರಡೂ ಕಡೆಯ ಮಾಡೆಲ್‌ಗಳನ್ನು ನೋಡುವ ನನಗೆ ಅನಿಸುವುದು ಇಷ್ಟು: ಇಲ್ಲಿನವರ ಶಿಸ್ತನ್ನು ನಾವು ಕಲಿಯಲೇಬೇಕು, ಆದರೆ ಅವರು ಹಗ್ಗದ ಯಾವ ತುದಿ ಹಿಡಿದಿದ್ದಾರೋ ಆ ತುದಿ ಹಿಡಿಯಬಾರದು. ಅವರು ಡಬ್ಬಿಯಿಂದ ಹೊರಟು ಸರಕಿಗೆ ಬರುತ್ತಾರೆ, ಎಷ್ಟೋ ಸಲ ಸರಕಿನ ತನಕ ಬರುವುದೇ ಇಲ್ಲ. ಸರಕಿನಿಂದ ಹೊರಟು ಡಬ್ಬಿಗೆ ಬರುವುದು ಸರಿಯಾದ ದಾರಿ. ಆ ದಾರಿಗೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿ ಸಾಕಷ್ಟಿದೆ.

ಮೊದಲು ಇಲ್ಲಿನ ಶಿಸ್ತು ಹೇಗಿದೆ ನೋಡಿ. ಇಲ್ಲಿನವರ ಮೂಲ ಗ್ರಂಥ ಅಫಿಶಿಯಲ್ ರೈಲ್ವೇ ಇಕ್ವಿಪ್‌ಮೆಂಟ್ ರಿಜಿಸ್ಟರ್. ದೇಶದ ಒಂದೊಂದು ರೈಲು ಕಂಪನಿಯ ಹತ್ತಿರ ಯಾವ ನಂಬರಿನಿಂದ ಯಾವ ನಂಬರಿನ ತನಕ ಯಾವ ಬಗೆಯ ಡಬ್ಬಿ ಇದೆ, ಒಳಗಿನ ಉದ್ದ, ಎತ್ತರ, ಬಾಗಿಲಿನ ಅಗಲ, ಎಷ್ಟು ಘನ ಅಡಿ, ಆ ಸರಣಿಯಲ್ಲಿ ಇನ್ನೂ ಎಷ್ಟು ಉಳಿದಿವೆ, ಎಲ್ಲವೂ ಅದರಲ್ಲಿದೆ. ನಿಮ್ಮ ಮಾಡೆಲ್ 1948ರದ್ದಾದರೆ ಆ ವರ್ಷಕ್ಕೆ ಹತ್ತಿರದ ಸಂಚಿಕೆ ಹಿಡಿದು, ಹೆಚ್ಚು ಡಬ್ಬಿಗಳಿರುವ ಸರಣಿಗಳನ್ನು ಮೊದಲು ಗುರುತುಹಾಕಬೇಕು. ಬರೇ ಐದಾರು ಇದ್ದ ವಿಚಿತ್ರ ಡಬ್ಬಿಯೇ ಎಲ್ಲರ ಕಣ್ಣಿಗೆ ಬೀಳುವುದು, ಮಾಡೆಲಿನ ಬಿಡಿಭಾಗಗಳ ಕಿಟ್ ಮಾರುವ ಕಂಪನಿಗಳು ಮಾಡುವುದೂ ಅದನ್ನೇ. ಹತ್ತು ಮಂದಿಯ ಲೇಔಟ್‌ನಲ್ಲಿ, ಅಂದರೆ ಹಳಿ, ಸ್ಟೇಷನ್ ಎಲ್ಲ ಸೇರಿಸಿ ಕಟ್ಟಿದ ಮಾಡೆಲ್‌ನಲ್ಲಿ, ಅದೇ ಅಪರೂಪದ ಡಬ್ಬಿ ಓಡುತ್ತಿರುತ್ತದೆ, ಸುಮಾರು 30 ಸಾವಿರ ಕಟ್ಟಿದ ಪೆನ್ಸಿಲ್ವೇನಿಯಾ ರೈಲ್ರೋಡಿನ ಎಕ್ಸ್29 ಬಾಕ್ಸ್ ಕಾರ್ (ಎಲ್ಲ ಕಡೆ ಮುಚ್ಚಿದ ಡಬ್ಬಿ) ಒಂದೂ ಇರುವುದಿಲ್ಲ.

ರಿಜಿಸ್ಟರಿನ ಅಳತೆಯೊಂದನ್ನೇ ನಂಬಿದರೆ ಮೋಸಹೋಗುತ್ತೀರಿ. ಎಲ್ಲವೂ 40 ಅಡಿಯ ಬಾಕ್ಸ್ ಕಾರೇ ಆದರೂ ಎಕ್ಸ್29ರ ಒಳ ಎತ್ತರ 8 ಅಡಿ 7 ಅಂಗುಲ, 1932ರ ಮಾದರಿಯದು 9 ಅಡಿ 4 ಅಂಗುಲ, 1937ರದು 10 ಅಡಿ, ಅದನ್ನೇ ತಿದ್ದಿದ್ದು 10 ಅಡಿ 6 ಅಂಗುಲ. ಎಚ್‌ಒ ಸ್ಕೇಲಿನಲ್ಲಿ, ಅಂದರೆ ನಿಜದ ಅಳತೆಯ 87ರಲ್ಲಿ ಒಂದು ಪಾಲಿನಲ್ಲಿ (1:87), ಮೊದಲನೆಯದಕ್ಕೂ ಕೊನೆಯದಕ್ಕೂ ಹೆಚ್ಚುಕಡಿಮೆ 6.7 ಮಿ.ಮೀ. ವ್ಯತ್ಯಾಸ. ಹಳೆಯ ಫೋಟೋಗಳಲ್ಲಿ ಗೂಡ್ಸಿನ ನೆತ್ತಿ ಏರಿಳಿತವಾಗಿ ಕಾಣುವುದು ಇದರಿಂದ. ಒಂದೇ ಕಿಟ್ಟಿನ ಹತ್ತು ಡಬ್ಬಿ ಜೋಡಿಸಿದರೆ ಈ ಏರಿಳಿತ ಮಾಯ. ಡಬ್ಬಿಯ ತುದಿಯ ತಗಡಿನ ಉಬ್ಬುಗೆರೆಗಳನ್ನೂ ಎಣಿಸಿ. 1937ರ 10 ಅಡಿ ಎತ್ತರದವುಗಳಲ್ಲಿ ಸಾಮಾನ್ಯವಾಗಿ ಮೇಲಿನ ಹಲಗೆಯಲ್ಲಿ ನಾಲ್ಕು, ಕೆಳಗಿನದರಲ್ಲಿ ಐದು. ಹತ್ತೂವರೆ ಅಡಿಯದರಲ್ಲಿ ಐದೈದು. ಇದನ್ನು ರಿಜಿಸ್ಟರ್ ಹೇಳುವುದಿಲ್ಲ, ಫೋಟೋವನ್ನೇ ನೋಡಬೇಕು.

ಫೋಟೋ ಎಂದರೆ ಕಾರ್ಖಾನೆಯವರು ತೆಗೆಸಿದ ಹೊಸ ಡಬ್ಬಿಯ ಚಿತ್ರವೊಂದೇ ಅಲ್ಲ. ಜ್ಯಾಕ್ ಡೆಲಾನೊ 1942–43ರಲ್ಲಿ ಅಮೆರಿಕ ಸರ್ಕಾರಕ್ಕಾಗಿ ಶಿಕಾಗೋದ ಯಾರ್ಡುಗಳಲ್ಲಿ ತೆಗೆದ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪುಕ್ಕಟೆಯಾಗಿ, ದೊಡ್ಡ ಗಾತ್ರದಲ್ಲಿ ಸಿಗುತ್ತವೆ, ಕೆಲವು ಬಣ್ಣದಲ್ಲೂ ಇವೆ. ಅವನ್ನು ಹಿಗ್ಗಿಸಿ ಹಿನ್ನೆಲೆಯ ಡಬ್ಬಿಗಳನ್ನು ನೋಡಬೇಕು: ಮಸಿ ಎಲ್ಲಿ ಕೂತಿದೆ, ಸೀಮೆಸುಣ್ಣದಲ್ಲಿ ಏನು ಗೀಚಿದ್ದಾರೆ, ಯಾವ ಮೂಲೆ ಜಜ್ಜಿದೆ. ಕಪ್ಪು-ಬಿಳುಪು ಚಿತ್ರದಿಂದ ಮಾತ್ರ ಬಣ್ಣ ಊಹಿಸಲು ಹೋಗಬೇಡಿ. ಹಳೆಯ ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿಯೇ ಬೀಳುತ್ತಿತ್ತು.

ಡಬ್ಬಿಯ ಮೈಮೇಲಿನ ಬರಹ ಓದುವುದನ್ನು ಮಾತ್ರ ನಾವು ಇಲ್ಲಿನವರಿಂದಲೇ ಕಲಿಯಬೇಕು. ಅದರಲ್ಲಿ ಖಾಲಿ ತೂಕ, ಹೊರಬಹುದಾದ ಗರಿಷ್ಠ ಭಾರ, ಕೊನೆಯ ಬಾರಿ ತೂಗಿದ ಊರು ಮತ್ತು ತಿಂಗಳು ಇರುತ್ತವೆ. ಆ ಕಾಲದ 50 ಟನ್ನಿನ ಡಬ್ಬಿಗೆ ಖಾಲಿ ತೂಕ, ಗರಿಷ್ಠ ಭಾರ ಕೂಡಿದರೆ 1,69,000 ಪೌಂಡ್ ಬರಬೇಕು. ಕೆಲವು ವರ್ಷಕ್ಕೊಮ್ಮೆ ಮರುತೂಕ ಮಾಡಿ, ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದು ಅಂಕಿ ತಿದ್ದುತ್ತಿದ್ದರು. ಆದ್ದರಿಂದ ಕೊಳೆಹಿಡಿದ ಡಬ್ಬಿಯ ಮೇಲೂ ಆ ಚೌಕ ಮಾತ್ರ ಶುಚಿಯಾಗಿರುತ್ತದೆ. ಮಾಡೆಲಿಗೆ ಡೆಕಾಲ್, ಅಂದರೆ ಅಚ್ಚಾದ ಅಕ್ಷರ-ಅಂಕಿಗಳ ತೆಳು ಹಾಳೆ, ಅಂಟಿಸುವವರು ಖಾಲಿ ತೂಕ ತಿದ್ದಿ ಗರಿಷ್ಠ ಭಾರವನ್ನು ಹಾಗೇ ಬಿಡುತ್ತಾರೆ, ಕೂಡಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ತಾರೀಕಿನದೂ ಅದೇ ಪಾಡು. 1948ರ ಲೇಔಟ್‌ನಲ್ಲಿ 1952ರ ಮರುತೂಕದ ಗುರುತು ಕೂತರೆ ಉಳಿದ ಕೆಲಸವೆಲ್ಲ ದಂಡ.

ಕಾಲ ತಿಳಿಸುವ ಗುರುತು ಇನ್ನೂ ಇವೆ. ಹಳೆಯ ಬಗೆಯ ಕೆ ಬ್ರೇಕಿನಲ್ಲಿ ಸಿಲಿಂಡರು, ಗಾಳಿತೊಟ್ಟಿ, ವಾಲ್ವು ಒಂದೇ ಗುಂಪಾಗಿರುತ್ತವೆ, ಆಮೇಲೆ ಬಂದ ಎಬಿ ಬ್ರೇಕಿನಲ್ಲಿ ಮೂರೂ ಬೇರೆಬೇರೆ. 1948ರಲ್ಲಿ ಎರಡೂ ಓಡಾಡುತ್ತಿದ್ದವು. ಪಟ್ಟಿ ಕಬ್ಬಿಣ ಬಾಗಿಸಿ ಬೋಲ್ಟ್ ಬಿಗಿದ ಆರ್ಚ್‌ಬಾರ್ ಗಾಲಿಕಟ್ಟು ಮಾತ್ರ ಅಷ್ಟರಲ್ಲಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟುವ ಡಬ್ಬಿಗಳಿಂದ ಹೋಗಿಯಾಗಿತ್ತು. ಬಿಯರ್, ಮಾಂಸದ ಕಂಪನಿಗಳ ದೊಡ್ಡ ಜಾಹೀರಾತು ಬರೆದ ಬಣ್ಣಬಣ್ಣದ, ಐಸ್ ಇಟ್ಟು ಸರಕು ತಂಪಾಗಿಡುವ ಡಬ್ಬಿಗಳ ಮೇಲೆ 1934ರಲ್ಲೇ ಸರ್ಕಾರದ ಆಜ್ಞೆ ಬಿತ್ತು, ಮೂರೇ ವರ್ಷದಲ್ಲಿ ಅವು ಮಾಯ. ಅಂಗಡಿಗಳಲ್ಲಿ ಇವತ್ತಿಗೂ ಚೆನ್ನಾಗಿ ಮಾರಾಟವಾಗುವುದು ಅವೇ!

ಇಷ್ಟೆಲ್ಲ ಮಾಡಿದವರು ಹಾಪರ್ ಡಬ್ಬಿಗೆ (ಮೇಲಿನಿಂದ ತುಂಬಿ ಕೆಳಗಿನಿಂದ ಸುರಿಯುವ ತೆರೆದ ಡಬ್ಬಿ) ಕಿಟ್ಟಿನ ಜೊತೆ ಬಂದ ಪ್ಲಾಸ್ಟಿಕ್ ಕಲ್ಲಿದ್ದಲನ್ನು ಇಟ್ಟು ಕೈತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಇಲ್ಲಿಯೇ. ಸರಕಿನ ಲೆಕ್ಕ ಕಷ್ಟದ್ದೇನಲ್ಲ. 1918ರ ಸರ್ಕಾರಿ ಮಾದರಿಯ 55 ಟನ್ ಹಾಪರ್ ತೆಗೆದುಕೊಳ್ಳಿ. ಅಂಚಿನ ತನಕ ತುಂಬಿದರೆ 1,880 ಘನ ಅಡಿ, ಖಾಲಿ ತೂಕ ಸುಮಾರು 40 ಸಾವಿರ ಪೌಂಡ್, ಹೊರುವ ಭಾರ ಸುಮಾರು 1,29,000 ಪೌಂಡ್. ಕಲ್ಲಿದ್ದಲು ಘನ ಅಡಿಗೆ ಹೆಚ್ಚುಕಡಿಮೆ 50 ಪೌಂಡ್ ತೂಗುತ್ತದೆ. ಅಂಚಿನ ತನಕ ತುಂಬಿದರೆ 94 ಸಾವಿರ. ಇನ್ನೂ ಭಾರ ಹೊರಬಲ್ಲದು, ಹಾಗಾಗಿ ಗುಡ್ಡೆ ಹಾಕಿ ತುಂಬುತ್ತಿದ್ದರು. ಕಲ್ಲಿದ್ದಲಿನಿಂದ ಮಾಡುವ ಹಗುರ ಇಂಧನವಾದ ಕೋಕ್ ಘನ ಅಡಿಗೆ 25ರಿಂದ 30 ಪೌಂಡ್ ಅಷ್ಟೇ. ತುಂಬಿ ತುಳುಕಿದರೂ ಅರ್ಧ ಭಾರವಾಗದು, ಅದಕ್ಕೇ ಕೋಕ್ ಸಾಗಿಸುವ ಡಬ್ಬಿಗೆ ಮೇಲೆ ಕಟಾಂಜನ ಕಟ್ಟಿ ಎತ್ತರಿಸಿದರು. ಕಬ್ಬಿಣದ ಅದಿರು 150 ಪೌಂಡಿನ ಆಸುಪಾಸು. ಡಬ್ಬಿ ಅರ್ಧ ತುಂಬುವ ಮೊದಲೇ ಭಾರ ಮುಗಿಯುತ್ತದೆ. ಮಿನೆಸೋಟಾದ ಮೆಸಾಬಿ ಗಣಿಗಳಿಗೆ 24 ಅಡಿಯ ಗಿಡ್ಡ ಡಬ್ಬಿಗಳನ್ನೇ ಬೇರೆ ಕಟ್ಟಿದ್ದು ಈ ಕಾರಣಕ್ಕೆ. ಸರಕು ಗೊತ್ತಾದರೆ ಯಾವ ಡಬ್ಬಿ ಬೇಕೆಂಬುದು ತಾನಾಗಿ ಹೊರಬರುತ್ತದೆ.

ಮುಚ್ಚಿದ ಡಬ್ಬಿಗೂ ಇದೇ ನಿಯಮ. ಗೋಧಿ ತುಂಬಿದ ಬಾಕ್ಸ್ ಕಾರಿನ ಒಳಗಿನದು ಕಾಣದು, ಆದರೆ ಬಾಗಿಲ ಸಂದಿಯಲ್ಲಿ ಒಳಗಿನಿಂದ ಬಡಿದ ಮರದ ಹಲಗೆ, ನೆಲಕ್ಕೆ ಸೋರಿದ ಕಾಳು ಕಾಣುತ್ತವೆ. ಮೋಟಾರು ಕಾರು ಸಾಗಿಸುವ ಸಲಕರಣೆ ಒಳಗಿದ್ದರೆ ಬಲಬಾಗಿಲಿನ ಮೇಲೆ ಅಡ್ಡ ಬಿಳಿಪಟ್ಟಿ ಇರುತ್ತಿತ್ತು. ಯಾವ ಡಬ್ಬಿ ಎಲ್ಲಿ ಸಿಗುತ್ತಿತ್ತು ಎಂಬುದನ್ನೂ ಸರಕೇ ತೀರ್ಮಾನಿಸುತ್ತದೆ. ಬಾಕ್ಸ್ ಕಾರಿಗೆ ಎಲ್ಲ ಕಡೆ ಲೋಡ್ ಸಿಗುತ್ತಿದ್ದರಿಂದ ದೇಶ ಸುತ್ತುತ್ತಿತ್ತು, ಕ್ಯಾಲಿಫೋರ್ನಿಯಾದ್ದು ಪಿಟ್ಸ್‌ಬರ್ಗಿನಲ್ಲಿ ನಿಂತರೆ ಆಶ್ಚರ್ಯವಿಲ್ಲ. ಹಾಪರ್ ಮಾತ್ರ ಗಣಿ, ಕಾರ್ಖಾನೆ, ಬಂದರುಗಳ ನಡುವೆಯೇ ತಿರುಗುತ್ತಿತ್ತು. ಪಶ್ಚಿಮ ಕರಾವಳಿಯ ಹಾಪರನ್ನು ಪಿಟ್ಸ್‌ಬರ್ಗಿನಲ್ಲಿ ನಿಲ್ಲಿಸಿದರೆ ನಗುತ್ತಾರೆ.

ಈಗ ನಮ್ಮ ಕಡೆ ಬನ್ನಿ. ಕಲ್ಲಿದ್ದಲು ಸಾಗಿಸುವ, ಮೇಲೆ ತೆರೆದ ಬಾಕ್ಸ್‌ಎನ್ ವ್ಯಾಗನ್ನಿನ ಖಾಲಿ ತೂಕ 22.47 ಟನ್, ಮೂಲ ಹೊರೆ 58.81 ಟನ್, ಎರಡೂ ಸೇರಿ 81.28. ಒಳಗಿನ ಜಾಗ ಸುಮಾರು 56 ಘನ ಮೀಟರ್, ಒಳ ಎತ್ತರ 1,950 ಮಿ.ಮೀ. ರಾಯಚೂರಿನ ಶಕ್ತಿನಗರಕ್ಕೆ ಕಲ್ಲಿದ್ದಲು ಒಯ್ಯುವಾಗ ಅದು ಗುಡ್ಡೆಯಾಗಿ ತುಂಬಿರುತ್ತದೆ. ಅದೇ ವ್ಯಾಗನ್ನಿಗೆ ಹೊಸಪೇಟೆಯಲ್ಲಿ ಅದಿರು ಹಾಕಿದರೆ, ಘನ ಮೀಟರಿಗೆ 2.4 ಟನ್ ಎಂದು ಹಿಡಿದರೂ, 25 ಘನ ಮೀಟರ್ ಆಗುವಷ್ಟರಲ್ಲಿ ಹೊರೆ ಮುಗಿಯಿತು. ಅಂದರೆ ನೆಲದಿಂದ ಸುಮಾರು 85 ಸೆಂ.ಮೀ. ಎಚ್‌ಒ ಮಾಡೆಲಿನಲ್ಲಿ 22 ಮಿ.ಮೀ. ಗೋಡೆಯೊಳಗೆ ಅದಿರು 10 ಮಿ.ಮೀ. ಮಾತ್ರ. 2005ರ ನಂತರ ಕೆಲವು ಟನ್ ಹೆಚ್ಚಿಗೆ ತುಂಬಲು ಬಿಟ್ಟರು, ಆಗಲೂ ಒಂದೆರಡು ಮಿ.ಮೀ. ಏರಬಹುದು ಅಷ್ಟೇ. ಪಕ್ಕದಿಂದ ನೋಡಿದರೆ ಅದಿರು ಕಾಣಲೇಬಾರದು. ನಮ್ಮವರ ಮಾಡೆಲ್‌ಗಳಲ್ಲಿ ಬಳ್ಳಾರಿಯ ಅದಿರು ಅಂಚು ದಾಟಿ ಗುಡ್ಡೆಯಾಗಿ ನಿಂತಿರುತ್ತದೆ. ನಿಜದಲ್ಲಿ ಹಾಗೆ ತುಂಬಿದ್ದರೆ ಹಳಿಯ ಗತಿ ದೇವರೇ ಬಲ್ಲ.

ಲೋಡ್ ಮಾಡುವುದು ಹೀಗೆ. ಗಟ್ಟಿ ಫೋಮನ್ನು ವ್ಯಾಗನ್ನಿನ ಒಳ ಅಳತೆಗಿಂತ ಸುತ್ತಲೂ ಅರ್ಧದಿಂದ ಒಂದು ಮಿ.ಮೀ. ಕಡಿಮೆ ಕತ್ತರಿಸಿ, ಲೋಡರಿನ ಬಕೆಟ್ ಸುರಿದಂತೆ ಮೂರುನಾಲ್ಕು ದಿಬ್ಬ ಕೊರೆಯಿರಿ. ನೀರಿನ ಅಕ್ರಿಲಿಕ್ ಬಣ್ಣವನ್ನೇ ಬಳಿಯಿರಿ, ಸ್ಪ್ರೇ ಡಬ್ಬದ ಬಣ್ಣಕ್ಕೆ ಫೋಮ್ ಕರಗಿಹೋಗುತ್ತದೆ. ಫೆವಿಕಾಲ್ ಸವರಿ ಸರಕಿನ ಪುಡಿ ಉದುರಿಸಿ, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬೆರೆಸಿದ ನೀರು ಸಿಂಪಡಿಸಿ, ಮೇಲೆ ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು ಬೆರೆಸಿ ಡ್ರಾಪರಿನಿಂದ ಬಿಡಿ. ಸೋಪು ಇಲ್ಲದಿದ್ದರೆ ಹನಿ ಉಂಡೆಗಟ್ಟಿ ಪುಡಿಯನ್ನೇ ಹೊತ್ತು ಉರುಳುತ್ತದೆ. ಅಂಟಿಗೆ ನೀರು ಕಡಿಮೆಯಾದರೆ ಒಣಗಿದ ಮೇಲೆ ಹೊಳೆಯುತ್ತದೆ. ಇದನ್ನೆಲ್ಲ ವ್ಯಾಗನ್ನಿನ ಹೊರಗೇ ಮಾಡಿ, ಇಲ್ಲದಿದ್ದರೆ ಲೋಡ್ ಮತ್ತೆ ಹೊರಬರುವುದಿಲ್ಲ. ಫೋಮಿನ ಒಳಗೆ ಒಂದು ಕಬ್ಬಿಣದ ವಾಶರ್ ಹುದುಗಿಸಿಟ್ಟರೆ ಅಯಸ್ಕಾಂತದಿಂದ ಎತ್ತಿ ಖಾಲಿ ವ್ಯಾಗನ್ನುಗಳ ಸಾಲನ್ನೂ ಓಡಿಸಬಹುದು. ಕಲ್ಲಿದ್ದಲಿಗೆ ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ ಟೀ ಜಾಲರಿಯಲ್ಲಿ ಜರಡಿಯಾಡಿ. ಆರು ಅಂಗುಲದ ಕಲ್ಲಿದ್ದಲಿನ ತುಂಡು ಈ ಸ್ಕೇಲಿನಲ್ಲಿ 1.75 ಮಿ.ಮೀ. ಅದಿರಿಗೆ ನಿಜವಾದ ಅದಿರು ಬೇಡ. ಅಯಸ್ಕಾಂತಕ್ಕೆ ಅಂಟುವ ಕಣ ಅದರಲ್ಲಿದ್ದರೆ ಇಂಜಿನ್ನಿನ ಮೋಟಾರು ಸೇರುತ್ತದೆ. ಇಟ್ಟಿಗೆ ಪುಡಿಗೆ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಬೆರೆಸಿದರೆ ಸಾಕು.

ಡಬ್ಬಿಯ ವಿಚಾರದಲ್ಲಿ ನಮಗೆ ಇರುವ ಅನುಕೂಲ ಇಲ್ಲಿನವರಿಗೆ ಇಲ್ಲ. ಈಗಿನ 11 ಅಂಕಿಯ ವ್ಯಾಗನ್ ಸಂಖ್ಯೆಯಲ್ಲಿ ಮೊದಲೆರಡು ಬಗೆ, ಮುಂದಿನೆರಡು ಯಾವ ರೈಲ್ವೆ, ಐದು ಮತ್ತು ಆರನೆಯದು ಕಟ್ಟಿದ ವರ್ಷ, ಆಮೇಲೆ ನಾಲ್ಕು ಅಂಕಿ ಅದರದೇ ಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಒಂದು ಸ್ಪಷ್ಟ ಫೋಟೋ ಇದ್ದರೆ ರಿಜಿಸ್ಟರಿನ ಅರ್ಧ ಕೆಲಸ ಮುಗಿಯಿತು. ಹಳೆಯ ಮೀಟರ್ ಗೇಜ್ ವ್ಯಾಗನ್ನುಗಳಿಗೆ ಈ ಭಾಗ್ಯವಿಲ್ಲ, ಅಲ್ಲಿ ರೈಲ್ವೆಯ ಅಕ್ಷರಗಳೇ ಆಧಾರ. ಹುಬ್ಬಳ್ಳಿ ವಿಭಾಗ ಮೊದಲು ದಕ್ಷಿಣ ರೈಲ್ವೆಯಲ್ಲಿತ್ತು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು, ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ. 1975ರ ಅರಸೀಕೆರೆ ಮಾಡಿ ವ್ಯಾಗನ್ನಿನ ಮೇಲೆ ನೈಋತ್ಯ ಎಂದು ಬರೆಯುವುದು ಕಣ್ಣಿಗೆ ರಾಚುವ ತಪ್ಪು. ಆ ಕಾಲದ ಮೀಟರ್ ಗೇಜನ್ನೇ ಮಾಡುವವರಿಗೆ ಇನ್ನೊಂದು ಲಾಭವೂ ಇದೆ. ಎರಡು ಹಳಿಗಳ ನಡುವಿನ 1,000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5, ಅಂಗಡಿಯಲ್ಲಿ ಸಿಗುವ 12 ಮಿ.ಮೀ. ಹಳಿ ಬಹುಮಟ್ಟಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್ ಗೇಜಿಗೆ 19 ಮಿ.ಮೀ. ಮೇಲೆ ಬೇಕು, ಎಲ್ಲರೂ ಬಳಸುವುದು 16.5.

ಸರಕಿನ ದಾಖಲೆಯಂತೂ ನಮ್ಮಲ್ಲಿ ಊರೂರಿನಲ್ಲಿದೆ. ದಾವಣಗೆರೆಯ ಹತ್ತಿ, ಮಂಡ್ಯದ ಸಕ್ಕರೆ, ಭದ್ರಾವತಿಯ ಬೀಡುಕಬ್ಬಿಣ, ವಾಡಿಯ ಸಿಮೆಂಟು, ಅಳ್ನಾವರ–ದಾಂಡೇಲಿ ಶಾಖೆಯ ಮರ, ಇವೆಲ್ಲ ಯಾವ ಗೂಡ್ಸ್ ಶೆಡ್ಡಿನಲ್ಲಿ ಯಾವ ಬಗೆಯ ಡಬ್ಬಿಗೆ ಏರುತ್ತಿದ್ದವೆಂದು ಹೇಳಬಲ್ಲ ಹಮಾಲರು, ಗೂಡ್ಸ್ ಗುಮಾಸ್ತರು ಇನ್ನೂ ಇದ್ದಾರೆ. ಬೆಂಗಳೂರಿನಲ್ಲಿ ಮದ್ರಾಸಿನ ಬ್ರಾಡ್ ಗೇಜ್ ಡಬ್ಬಿಯಿಂದ ಮೈಸೂರಿನ ಮೀಟರ್ ಗೇಜ್ ಡಬ್ಬಿಗೆ ಸರಕು ದಾಟಿಸಿದವರನ್ನು ಕೇಳಿದರೆ ಒಂದರದು ಇನ್ನೊಂದರಲ್ಲಿ ಎಷ್ಟು ಹಿಡಿಯುತ್ತಿತ್ತೆಂಬ ಲೆಕ್ಕವೂ ಸಿಕ್ಕೀತು. ಅದಕ್ಕಿಂತ ಗಟ್ಟಿ ದಾಖಲೆ ರೈಲ್ವೆ ರಸೀದಿ. ಹೊರಟ ಸ್ಟೇಷನ್, ತಲುಪಿದ ಸ್ಟೇಷನ್, ಸರಕು, ಚೀಲದ ಲೆಕ್ಕ, ತೂಕ, ವ್ಯಾಗನ್ ಸಂಖ್ಯೆ ಎಲ್ಲವೂ ಒಂದೇ ಹಾಳೆಯಲ್ಲಿ. ಇದಕ್ಕೆ ಸಮನಾದ ಇಲ್ಲಿನ ವೇಬಿಲ್ಲುಗಳನ್ನು ಹವ್ಯಾಸಿಗಳು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮಲ್ಲಿ ಅವು ಹಳೆಯ ದಲಾಲಿ ಅಂಗಡಿಗಳ ಲೆಕ್ಕದ ಪುಸ್ತಕಗಳ ನಡುವೆ ಮಡಚಿಕೊಂಡು ಕೂತು, ಅಂಗಡಿ ನವೀಕರಣವಾದ ದಿನ ರದ್ದಿಗೆ ಹೋಗುತ್ತವೆ.

ಊರಿಗೆ ಹೋದಾಗ ಅಂಥ ಕಟ್ಟು ಕಣ್ಣಿಗೆ ಬಿದ್ದರೆ ಮಾಲೀಕರನ್ನು ಕೇಳಿ ಹಾಳೆಯ ಎರಡೂ ಬದಿ ಸ್ಕ್ಯಾನ್ ಮಾಡಿ, 600 ಡಿಪಿಐಗೆ ಕಡಿಮೆ ಬೇಡ. ಕಾರ್ಬನ್ ಪ್ರತಿಯ ನೀಲಿ ಅಕ್ಷರ ಫೋನಿನ ಫೋಟೋದಲ್ಲಿ ಹಾರಿಹೋಗುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಹಳೆಯ ಕಾಗದ ಕೆಡುತ್ತದೆ. ವ್ಯಾಗನ್ ಸಂಖ್ಯೆ, ಸರಕು, ತೂಕ, ತಾರೀಕು, ಎರಡು ಸ್ಟೇಷನ್ನುಗಳಿಗೆ ಒಂದೊಂದು ಕಾಲಮ್ ಇಟ್ಟು ಪಟ್ಟಿ ಮಾಡುತ್ತಾ ಹೋಗಿ. ಒಂದೇ ಊರಿನ ನೂರಿನ್ನೂರು ರಸೀದಿ ಸೇರಿದರೆ ಯಾವ ತಿಂಗಳಲ್ಲಿ ಅಲ್ಲಿ ಎಂಥ ಗೂಡ್ಸ್ ಹೊರಡುತ್ತಿತ್ತು, ಯಾವ ಡಬ್ಬಿ ಎಷ್ಟು ಬೇಕು ಎಂಬುದು ಆ ಪಟ್ಟಿಯಲ್ಲೇ ಕಾಣುತ್ತದೆ. ಕಿಟ್ ಕೊಳ್ಳುವುದು ಅದಾದ ಮೇಲೆ.