ಎಕಾಗ್‌ನ ಕಾಲ ಅಷ್ಟು ಬೇಗ ಮುಗಿಯಿತೇ?

ಅಮೆರಿಕದ ಮರೀನ್ ಪಡೆ 2020ರಲ್ಲಿ ಗುರಿಯನ್ನು 1ರಿಂದ 8 ಪಟ್ಟು ದೊಡ್ಡದಾಗಿ ತೋರಿಸುವಂತೆ ಬದಲಿಸಬಹುದಾದ ರೈಫಲ್ ಸ್ಕೋಪ್ ಆರಿಸಿಕೊಂಡಿತು, ಇನ್ನು 4 ಪಟ್ಟಿಗೇ ನಿಂತ ಎಕಾಗ್ (ACOG) ಎಂಬ ರೈಫಲ್ ಸ್ಕೋಪ್ ಹಳೇ ಸಾಮಾನು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಕೋಣೆಯೊಳಗಿನ ಕಾದಾಟಕ್ಕೆ 1 ಪಟ್ಟು ಇರುವುದೇ ಲೇಸು. ಆದರೆ ಎಕಾಗ್‌ನಲ್ಲಿ ತಿರುಗಿಸಲು ಏನೂ ಇಲ್ಲ, ಅದೇ ಅದರ ಗುಣ. ಗಾಬರಿಯಲ್ಲಿ ಯಾವ ಪಟ್ಟಿನಲ್ಲಿ ಬಿಟ್ಟಿದ್ದೆ ಅಂತ ಯೋಚಿಸಬೇಕಿಲ್ಲ. ಅದರ 4 ಪಟ್ಟಿನ ಟಿಎ31 ಮಾದರಿಯಲ್ಲಿ ಬ್ಯಾಟರಿಯೂ ಇಲ್ಲ. ಹಗಲಲ್ಲಿ ಮೇಲಿನ ಫೈಬರ್ ಬೆಳಕು ಹೀರಿ ಗುರಿಯ ಗೆರೆ ಬೆಳಗಿಸುತ್ತದೆ, ಕತ್ತಲಲ್ಲಿ ಆ ಕೆಲಸ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲದ್ದು.

ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯುವ ಕಾಲ, ಸುಮಾರು 12 ವರ್ಷ. ಅಮೆರಿಕದವರು ಎಕಾಗ್ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ತಯಾರಾದ ವರ್ಷ ನೋಡಲೇಬೇಕು. ಇಲ್ಲದಿದ್ದರೆ ರಾತ್ರಿ ಮಂಕು ದೀಪವೇ ಗತಿ!

ನೀವು ಮುಟ್ಟದೇ ಬಿಟ್ಟದ್ದು ಕಣ್ಣಿನ ದೂರ, ಅಂದರೆ ನೋಟ ಪೂರ್ತಿ ಕಾಣಲು ಕಣ್ಣು ಸ್ಕೋಪ್‌ನಿಂದ ಎಷ್ಟು ದೂರ ಇರಬೇಕು ಅನ್ನುವುದು. ಟಿಎ31ಕ್ಕೆ ಅದು ಬರೀ 1.5 ಇಂಚು, ಮೂಗು ಹೆಚ್ಚುಕಡಿಮೆ ರೈಫಲ್‌ನ ಹಿಂದಿರುವ ಚಾರ್ಜಿಂಗ್ ಹಿಡಿಗೇ ತಾಗಬೇಕು. ಹೆಲ್ಮೆಟ್, ಕನ್ನಡಕ ಹಾಕಿದವರಿಗೆ ಕಿರಿಕಿರಿ ಅಲ್ವಾ? ಎಕಾಗ್‌ನದೇ 3.5 ಪಟ್ಟಿನ ಟಿಎ11 ಮಾದರಿಯಲ್ಲಿ 2.4 ಇಂಚು ಸಿಗುತ್ತದೆ. ಸ್ವಲ್ಪ ದಪ್ಪ, ಭಾರ ಜಾಸ್ತಿ. ಆದರೂ ಆ ಅರ್ಧ ಪಟ್ಟು ಬಿಟ್ಟುಕೊಡುವುದೇ ಜಾಣತನ ಅನ್ನುತ್ತೇನೆ.