ಕಿಟಕಿ ಮುಚ್ಚಿ, ಇಮ್ಯೂನಿಟಿ ಹೆಚ್ಚಿಸಿ

ಉಸಿರಾಟದ ವೈರಸ್‌ಗಳ ಕಾಲ ಹತ್ತಿರವಾಯಿತೆಂಬ ಸುದ್ದಿ ವೈರಸ್‌ಗಳಿಗಿಂತ ಮೊದಲು ಜಾಹೀರಾತು ಬರೆಯುವವರಿಗೆ ತಲುಪುತ್ತದೆ. ಯಾರೂ ಇನ್ನೂ ಸೀನದಿರುವಾಗಲೇ ಔಷಧದಂಗಡಿಯ ಕಪಾಟಿನಲ್ಲಿ ಕಣ್ಣಿನ ಮಟ್ಟಕ್ಕೆ ಬರುವ ಸಾಲುಗಳೆಲ್ಲ ಇಮ್ಯೂನಿಟಿ ಬೂಸ್ಟರ್‌ಗಳ ವಶವಾಗಿರುತ್ತವೆ: ನೀರಿಗೆ ಹಾಕಿದರೆ ಬುಸ್ಸೆಂದು ನೊರೆಯೇಳುವ ಮಾತ್ರೆಗಳು, ಮಕ್ಕಳಿಗಾಗಿ ಕರಡಿಮರಿಯ ಆಕಾರ ತಾಳಿದ ಗಮ್ಮಿಗಳು, ನಾಲಿಗೆಯಡಿ ಬಿಡುವ ಹನಿಗಳು, ಚಮಚವನ್ನು ತಮ್ಮೊಳಗೇ ಇಟ್ಟುಕೊಂಡು ಬರುವ ಪುಡಿಗಳು. ಅವುಗಳಲ್ಲೊಂದನ್ನು ಕೈಗೆತ್ತಿಕೊಂಡರೆ ಮುಂಭಾಗದಲ್ಲಿ ಹೊನ್ನಿನ ಬಣ್ಣದ ಗುರಾಣಿಯಿರುತ್ತದೆ, ಅದಕ್ಕೆ ಬಡಿದು ಹಿಮ್ಮೆಟ್ಟುತ್ತಿರುವ ಮುಳ್ಳುಮುಳ್ಳಿನ ಹಸಿರು ವೈರಸ್‌ಗಳಿರುತ್ತವೆ, ಜೊತೆಗೆ ‘ಮೂರು ಪಟ್ಟು ಶಕ್ತಿ’ ಎಂಬ ಘೋಷಣೆಯಿರುತ್ತದೆ. ಯಾವುದರ ಮೂರು ಪಟ್ಟು ಎಂಬ ಕುತೂಹಲವುಳ್ಳವರು ಡಬ್ಬಿಯನ್ನು ತಿರುಗಿಸಬೇಕು. ಅಲ್ಲಿ, ಬಾರ್‌ಕೋಡಿನ ಗೆರೆಗಳಿಗಿಂತಲೂ ಸಣ್ಣದಾದ ಅಕ್ಷರಗಳಲ್ಲಿ, ಈ ಉತ್ಪನ್ನವು ಯಾವುದೇ ರೋಗವನ್ನು ಗುಣಪಡಿಸಲು ಅಥವಾ ತಡೆಯಲು ಉದ್ದೇಶಿಸಿದ್ದಲ್ಲವೆಂದು ತಯಾರಕರೇ ವಿನಯದಿಂದ ಒಪ್ಪಿಕೊಂಡಿರುತ್ತಾರೆ. ಇಡೀ ಡಬ್ಬಿಯಲ್ಲಿ ಪ್ರಾಮಾಣಿಕವಾದ ವಾಕ್ಯ ಅದೊಂದೇ ಆಗಿರುವುದರಿಂದ ಅದನ್ನು ಯಾರಿಗೂ ಕಾಣದ ಹಾಗೆ ಜೋಪಾನವಾಗಿ ಇಟ್ಟಿರಬೇಕು.

ಇಮ್ಯೂನಿಟಿಯೆಂಬ ಈ ರೋಗನಿರೋಧಕ ಶಕ್ತಿಯನ್ನು ಜಾಹೀರಾತಿನಲ್ಲಿ ಹೇಳಿದಷ್ಟು ನಿಜಕ್ಕೂ ಹೆಚ್ಚಿಸಿಬಿಟ್ಟರೆ ಏನಾದೀತೆಂದು ಯಾರೂ ಯೋಚಿಸಿದಂತಿಲ್ಲ. ನೆಗಡಿಯಾದಾಗ ಮೂಗು ಸೋರುವುದು, ಗಂಟಲು ಕೆಂಪಾಗುವುದು, ಮೈ ಕಾಯುವುದು, ಕೈಕಾಲು ನೋಯುವುದು, ಇವುಗಳಲ್ಲಿ ಬಹುಪಾಲು ನಮ್ಮ ರೋಗನಿರೋಧಕ ವ್ಯವಸ್ಥೆಯೇ ವೈರಸ್‌ನ ವಿರುದ್ಧ ನಡೆಸುವ ಕಾರ್ಯಾಚರಣೆಯ ಫಲ. ಹಾಗಿರುವಾಗ ಅದಕ್ಕೆ ಮೂರು ಪಟ್ಟು ಬಲ ಬಂದರೆ ಗಿರಾಕಿಯ ಮೂಗು ಮೂರು ಪಟ್ಟು ಸೋರಬೇಕಾಗುತ್ತದೆ. ಅಲರ್ಜಿಯೆಂದರೆ ಈ ವ್ಯವಸ್ಥೆ ನಿರಪರಾಧಿ ಪರಾಗದ ಮೇಲೂ ಯುದ್ಧ ಸಾರುವುದು. ರುಮಟಾಯ್ಡ್ ಸಂಧಿವಾತವೆಂದರೆ ಅದು ತನ್ನದೇ ಕೀಲುಗಳ ಮೇಲೆ ಏರಿಹೋಗುವುದು. ಕೋವಿಡ್ ಉಲ್ಬಣಿಸಿದ ಅನೇಕರ ಶ್ವಾಸಕೋಶಗಳಿಗೆ ವೈರಸ್ ಮಾಡಿದ ಹಾನಿಯ ಜೊತೆಗೆ ಈ ವ್ಯವಸ್ಥೆಯ ಅತ್ಯುತ್ಸಾಹದ ಹಾನಿಯೂ ಸೇರಿದ್ದರಿಂದಲೇ ವೈದ್ಯರು ಅದನ್ನು ತಗ್ಗಿಸಲು ಸ್ಟೀರಾಯ್ಡ್ ಕೊಡಬೇಕಾಯಿತು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು ಇದೇ ಶಕ್ತಿಯನ್ನು ಕುಗ್ಗಿಸುವ ಔಷಧಕ್ಕಾಗಿ ಅದೇ ಅಂಗಡಿಯ ಅದೇ ಸರದಿಯಲ್ಲಿ, ಹೆಚ್ಚಿಸಿಕೊಳ್ಳಲು ಬಂದವರ ಹಿಂದೆಯೇ ನಿಂತಿರುತ್ತಾರೆ. ಇನ್ನು ವೈರಸ್‌ಗಳ ಸಂಸಾರವೂ ಸಣ್ಣದಲ್ಲ. ನೆಗಡಿ ತರುವ ರೈನೋವೈರಸ್ಸೊಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಬಡಪಾಯಿ ದೇಹ ಅವುಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಂಡು ನೆನಪಿಟ್ಟುಕೊಳ್ಳುತ್ತದೆ, ಪುಡಿಯಾದರೋ ಒಂದೇ ಚಮಚದಲ್ಲಿ ಎಲ್ಲವನ್ನೂ ನಿಭಾಯಿಸುತ್ತದೆ.

ಈ ವ್ಯಾಪಾರಕ್ಕೆ ಒಬ್ಬ ದೊಡ್ಡ ಮನುಷ್ಯರ ಆಶೀರ್ವಾದವಿದೆಯೆಂಬುದನ್ನು ಮರೆಯಬಾರದು. 1954ರಲ್ಲಿ ರಸಾಯನವಿಜ್ಞಾನಕ್ಕೂ 1962ರ ಸಾಲಿನಲ್ಲಿ ಶಾಂತಿಗೂ ನೊಬೆಲ್ ಪಡೆದ ಲೈನಸ್ ಪಾಲಿಂಗ್ ಅವರು 1970ರಲ್ಲಿ, ವಿಟಮಿನ್ ಸಿಯನ್ನು ಭಾರಿ ಪ್ರಮಾಣದಲ್ಲಿ ನುಂಗಿದರೆ ನೆಗಡಿ ಹತ್ತಿರ ಸುಳಿಯದೆಂದು ಸಾರಿದರು. ಎರಡು ನೊಬೆಲ್ ಗಳಿಸಿದವರ ಮಾತನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲವೆಂದು ಸಂಶೋಧಕರು ದಶಕಗಳ ಕಾಲ ಸಾವಿರಾರು ಮಂದಿಗೆ ಮಾತ್ರೆ ನುಂಗಿಸಿ ನೋಡಿದರು. ದಿನವೂ ತಪ್ಪದೆ ಸೇವಿಸಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪಲಿಲ್ಲ. ಬಂದ ನೆಗಡಿಯ ಅವಧಿ ಮಾತ್ರ ವಯಸ್ಕರಲ್ಲಿ ಸುಮಾರು 8 ಶೇಕಡಾ, ಮಕ್ಕಳಲ್ಲಿ ಸುಮಾರು 14 ಶೇಕಡಾ ಇಳಿಯಿತು. ಅಂದರೆ ವರ್ಷವಿಡೀ ಮಾತ್ರೆ ನುಂಗಿದ ವಯಸ್ಕನಿಗೆ ಏಳು ದಿನದ ನೆಗಡಿ ಆರೂವರೆ ದಿನಕ್ಕೆ ಮುಗಿಯುತ್ತದೆ. ಮ್ಯಾರಥಾನ್ ಓಡುವವರು, ಸ್ಕೀಯಿಂಗ್ ಮಾಡುವವರು, ಕೊರೆಯುವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರು, ಇಂಥವರಲ್ಲಿ ಮಾತ್ರ ನೆಗಡಿಯ ಪ್ರಮಾಣ ಅರ್ಧದಷ್ಟಾಯಿತು. ಒಂದನೆಯ ಮಹಡಿಗೂ ಲಿಫ್ಟ್ ಹತ್ತುವ ನಮ್ಮ ಗಿರಾಕಿಗಳು ಈ ಫಲಿತಾಂಶವನ್ನು ತಮ್ಮದೆಂದೇ ಭಾವಿಸಿದ್ದಾರೆ. ವಯಸ್ಕರಿಗೆ ದಿನವೊಂದಕ್ಕೆ 100 ಮಿಲಿಗ್ರಾಂ ಒಳಗೇ ಸಾಕಾಗುವ ಈ ವಿಟಮಿನ್ ನೊರೆಮಾತ್ರೆಯಲ್ಲಿ 1,000 ಮಿಲಿಗ್ರಾಂ ತುಂಬಿರುತ್ತದೆ. ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ದೇಹ ತನಗೆ ಬೇಡವಾದದ್ದನ್ನು ಮೂತ್ರದ ದಾರಿಯಲ್ಲಿ ಕಳಿಸಿಕೊಡುತ್ತದೆ. ಒಳಚರಂಡಿಗಳಿಗೆ ನೆಗಡಿಯಾದ ವರದಿಗಳು ಇಲ್ಲದಿರುವುದಕ್ಕೆ ಇದೇ ಕಾರಣವಿರಬಹುದು. ಸತುವಿನ ಕಥೆ ಇನ್ನೂ ಸೊಗಸಾಗಿದೆ. ನೆಗಡಿಗೆಂದು ಮೂಗಿಗೆ ಹಾಕಿಕೊಳ್ಳುವ ಸತುವಿನ ಉತ್ಪನ್ನಗಳಿಂದ ವಾಸನೆ ತಿಳಿಯುವ ಶಕ್ತಿಯೇ ಹೋಗಬಹುದೆಂದು 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಚ್ಚರಿಸಬೇಕಾಯಿತು.

ಇಷ್ಟೆಲ್ಲವನ್ನೂ ಪ್ರಶ್ನೆಯಿಲ್ಲದೆ ನುಂಗುವ ಮಹನೀಯರು ಲಸಿಕೆಯ ಮಾತು ಬಂದಾಗ ಮಾತ್ರ ವಿಜ್ಞಾನಿಗಳಾಗುವುದು ನೋಡತಕ್ಕ ದೃಶ್ಯ. ವಾಟ್ಸಾಪಿನಲ್ಲಿ ಹನ್ನೊಂದು ಗುಂಪುಗಳನ್ನು ಹಾದುಬಂದ ಸಲಹೆಗೆ ಸಾಕ್ಷ್ಯ ಕೇಳದವರು, ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆರಡು ಬಾರಿ, ಫೆಬ್ರುವರಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ, ತಜ್ಞರನ್ನು ಕೂಡಿಸಿ ಮುಂದಿನ ಹಂಗಾಮಿನ ಫ್ಲೂ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಶಿಫಾರಸು ಮಾಡುತ್ತದೆಯೆಂದರೆ ‘ಅದರಲ್ಲಿ ಏನೋ ಇದೆ’ ಎಂದು ಹುಬ್ಬೇರಿಸುತ್ತಾರೆ. ಏನೋ ಇರುವುದು ನಿಜ; ವೈರಸ್‌ನ ಗುರುತು ದೇಹಕ್ಕೆ ಮುಂಚಿತವಾಗಿ ಸಿಗುವಂತೆ ಮಾಡುವ ಅಂಶವೇ ಅದರಲ್ಲಿರುವುದು. ಲಸಿಕೆ ತೆಗೆದುಕೊಂಡರೂ ಫ್ಲೂ ಬರಬಹುದು, ಆದರೆ ಅದು ವಿಕೋಪಕ್ಕೆ ಹೋಗಿ ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗುತ್ತದೆ. ಇಂಥ ಅರೆಮನಸ್ಸಿನ ಭರವಸೆ ಗುರಾಣಿಯ ಚಿತ್ರಕ್ಕೆ ಒಗ್ಗಿದವರಿಗೆ ರುಚಿಸುವುದಿಲ್ಲ. ಲಸಿಕೆಯ ರಕ್ಷಣೆ ಕುದುರಲು ಸುಮಾರು ಎರಡು ವಾರ ಬೇಕೆಂಬುದನ್ನು ತಿಳಿದೂ, ಮನೆಮಂದಿಯೆಲ್ಲ ಜ್ವರ ಹಿಡಿದು ಮಲಗಿದ ಮೇಲೆ ಚುಚ್ಚಿಸಿಕೊಳ್ಳಲು ಓಡಿಬರುವವರನ್ನು ಕಂಡರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರೇ ಇವರಿಗಿಂತ ಚುರುಕಾಗಿದ್ದರು ಅನಿಸುತ್ತದೆ. ಬಂದವರು ಬರಿಗೈಯಲ್ಲೂ ಹೋಗುವುದಿಲ್ಲ. ವೈರಸ್‌ಗಳ ಮೇಲೆ ಏನೇನೂ ನಡೆಯದ ಆಂಟಿಬಯಾಟಿಕ್‌ಗಳನ್ನು ವೈದ್ಯರಿಂದ ಹಟ ಹಿಡಿದು ಬರೆಸಿಕೊಂಡೇ ಹೋಗುತ್ತಾರೆ.

ಆದರೆ ವ್ಯಕ್ತಿಗಳ ಹುಚ್ಚಾಟವನ್ನು ಹೇಗಾದರೂ ಕ್ಷಮಿಸಬಹುದು. ಸಂಸ್ಥೆಗಳು ಅದಕ್ಕೆ ಸುತ್ತೋಲೆ ಹೊರಡಿಸಿದಾಗಲೇ ಅದು ಕಲೆಯ ಮಟ್ಟಕ್ಕೇರುವುದು. ಈ ಕಾಲದಲ್ಲಿ ಕಚೇರಿಗಳಲ್ಲಿ ಏರ್ಪಡುವ ‘ಇಮ್ಯೂನಿಟಿ ಸಪ್ತಾಹ’ದ ಕಾರ್ಯಾಗಾರವೊಂದನ್ನು ಕಲ್ಪಿಸಿಕೊಳ್ಳಿ. ಸಭಾಂಗಣದ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಲಾಗಿದೆ, ಏಕೆಂದರೆ ಎಸಿ ಚಾಲೂ ಇದೆ; ಆ ಎಸಿಯಾದರೋ ಒಳಗಿನ ಗಾಳಿಯನ್ನೇ ತಂಪು ಮಾಡಿ ಒಳಕ್ಕೇ ಮರಳಿಸುತ್ತಿದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ) ಆಸುಪಾಸಿನಲ್ಲಿದ್ದರೆ, ಅಂಗೈಯಗಲದ ಮಾಪಕವೊಂದನ್ನು ಈ ಸಭಾಂಗಣದಲ್ಲಿಟ್ಟರೆ ಉದ್ಘಾಟನಾ ಭಾಷಣ ಮುಗಿಯುವ ಹೊತ್ತಿಗೆ ಅದು ಸಾವಿರವನ್ನು ದಾಟಿ ಮುಂದೆ ಸಾಗಿರುತ್ತದೆ. ಅಂದರೆ ಶ್ರೋತೃಗಳು ಭಾಷಣಕಾರರ ವಿಚಾರಗಳನ್ನು ಹೀರಿಕೊಂಡಿರುವರೋ ಇಲ್ಲವೋ, ಪರಸ್ಪರರ ಉಸಿರನ್ನಂತೂ ಧಾರಾಳವಾಗಿ ಹೀರಿಕೊಂಡಿದ್ದಾರೆ. ಮೂರನೆಯ ಸಾಲಿನಲ್ಲಿ ಜ್ವರದಿಂದ ಕಣ್ಣು ಕೆಂಪಾದ ಗುಮಾಸ್ತರೊಬ್ಬರು ಕೆಮ್ಮುತ್ತಿದ್ದಾರೆ. ಅವರು ಮನೆಯಲ್ಲಿರಬೇಕಿತ್ತು, ಆದರೆ ಅವರ ರಜೆಗಳು ಮುಗಿದಿವೆ, ಮೇಲಾಗಿ ಕಾರ್ಯಾಗಾರಕ್ಕೆ ಹಾಜರಾತಿ ಕಡ್ಡಾಯ. ‘ಸರ್, ಮೈ ಸುಡ್ತಾ ಇದೆ, ಹೋಗಲಾ?’ ಎಂದು ಅವರು ಮೇಲಧಿಕಾರಿಯನ್ನು ಕೇಳಿದಾಗ, ‘ಇನ್ನೇನು ಇಮ್ಯೂನಿಟಿ ಕಿಟ್ ಕೊಡ್ತಾರೆ, ತಗೊಂಡು ಹೋಗಿ’ ಎಂಬ ಅಂತಃಕರಣದ ಉತ್ತರ ದೊರೆಯುತ್ತದೆ.

ಭಾಷಣಕಾರರು ನಿದ್ರೆಯ ಮಹತ್ವವನ್ನೂ ವಿವರಿಸುತ್ತಾರೆ, ಮತ್ತು ಅಲ್ಲಿ ಅವರು ಹೇಳುವುದು ಸತ್ಯವೇ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 164 ಸ್ವಯಂಸೇವಕರ ನಿದ್ರೆಯನ್ನು ಅಳೆದು, ಆಮೇಲೆ ಅವರ ಮೂಗಿಗೆ ರೈನೋವೈರಸ್‌ನ ಹನಿ ಹಾಕಿ ನೋಡಿದಾಗ, ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿಯಾಗುವ ಸಂಭವ ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ಕಂಡುಬಂತು. ಈ ಅಂಕಿಯನ್ನು ಎಲ್ಲರೂ ಶ್ರದ್ಧೆಯಿಂದ ಬರೆದುಕೊಂಡರು. ಕಾರ್ಯಾಗಾರದ ಬಗ್ಗೆ ಅಭಿಪ್ರಾಯ ಕೋರುವ ನಮೂನೆ ಅದೇ ರಾತ್ರಿ ಹನ್ನೊಂದೂವರೆಗೆ ಅವರ ಫೋನುಗಳಿಗೆ ಬಂತು. ಬೆಳಗ್ಗೆ ಏಳರೊಳಗೆ ತುಂಬಿ ಕಳಿಸತಕ್ಕದ್ದು ಎಂಬ ಸೂಚನೆಯೂ ಜೊತೆಗಿತ್ತು.

ನಮೂನೆಯ ಕೊನೆಯ ಕಲಮಿನಲ್ಲಿ ಅನಾಮಧೇಯರೊಬ್ಬರು, ಕಿಟ್‌ನ ಬದಲು ಎರಡು ದಿನ ರಜೆ ಕೊಟ್ಟು, ಸಭಾಂಗಣದ ಕಿಟಕಿಗಳನ್ನು ತೆರೆದಿಡಬಹುದೇ ಎಂದು ಕೇಳಿದ್ದರು. ಆಡಳಿತ ವರ್ಗ ಈ ಸಲಹೆಯನ್ನು ಮುಕ್ತ ಮನಸ್ಸಿನಿಂದ ಪರಿಶೀಲಿಸಿತು. ರಜೆಯ ವಿಷಯ ನೀತಿ ನಿರೂಪಣೆಗೆ ಸಂಬಂಧಿಸಿದ್ದರಿಂದ ಅದನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಕಿಟಕಿ ತೆರೆದರೆ ಎಸಿಯ ನಿರ್ವಹಣಾ ಒಪ್ಪಂದಕ್ಕೆ ಭಂಗ ಬರುವುದರಿಂದ ಅದು ಸಾಧ್ಯವಿಲ್ಲವೆಂದು ತೀರ್ಮಾನಿಸಲಾಯಿತು. ಆದರೂ ಸಿಬ್ಬಂದಿಯ ಕಾಳಜಿಯನ್ನು ಗೌರವಿಸಿ ಮುಂದಿನ ಹಂಗಾಮಿನ ಕಿಟ್‌ನಲ್ಲಿ ನೊರೆಮಾತ್ರೆಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಕಡತಕ್ಕೆ ಅಂದೇ ಸಹಿ ಬಿತ್ತು. ಉಪಸಮಿತಿಯ ಮೊದಲ ಸಭೆಯನ್ನು ಮಾತ್ರ ಕೋರಂ ಇಲ್ಲದ ಕಾರಣ ಮುಂದೂಡಬೇಕಾಯಿತು. ಸದಸ್ಯರಲ್ಲಿ ಹೆಚ್ಚಿನವರಿಗೆ ಜ್ವರವಿತ್ತು.